ನಂದಿ ತಪ್ಪಲಿನ ವೈನ್ ಪ್ರವಾಸ

ನಂದಿ ತಪ್ಪಲಿನ ವೈನ್ ಪ್ರವಾಸ ಎಂದರೆ ಬೆಂಗಳೂರಿನ ಉತ್ತರಕ್ಕಿರುವ ನಂದಿಬೆಟ್ಟದ ಸುತ್ತಲಿನ ದ್ರಾಕ್ಷಿತೋಟಗಳನ್ನೂ ಅವುಗಳಿಗೆ ಹೊಂದಿಕೊಂಡಿರುವ ವೈನ್ ತಯಾರಿಕಾ ಘಟಕಗಳನ್ನೂ ಸಂದರ್ಶಿಸಿ, ಅಲ್ಲಿ ಸಿದ್ಧವಾದ ವೈನ್‌ಗಳ ಬಣ್ಣ, ಪರಿಮಳ ಮತ್ತು ರುಚಿಗಳನ್ನು ಕ್ರಮವಾಗಿ ಪರಿಶೀಲಿಸುವುದು. ವೈನ್ ತಯಾರಿಸುವ ಘಟಕವನ್ನು ವೈನರಿ ಎಂದೂ, ರುಚಿಯನ್ನು ಪರಿಶೀಲಿಸುವ ಕ್ರಮವನ್ನು ವೈನ್ ಆಸ್ವಾದನೆ ಎಂದೂ ಕರೆಯಬಹುದು. ಈ ಪ್ರದೇಶವು ಚಿಕ್ಕಬಳ್ಳಾಪುರ ಮತ್ತು ಬೆಂಗಳೂರು ಗ್ರಾಮಾಂತರ ಜಿಲ್ಲೆಗಳಲ್ಲಿ ಹರಡಿಕೊಂಡಿದೆ. ಇಲ್ಲಿಯ ವೈನರಿಗಳಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ರಘುನಾಥಪುರದ ಬಳಿಯಿರುವ ಗ್ರೋವರ್ ಸಂಸ್ಥೆಯದು ಹೆಚ್ಚು ಪ್ರಸಿದ್ಧ.

ಆಸ್ವಾದನೆಯು ಪಾನಗೋಷ್ಠಿಯಲ್ಲ. ಒಂದು ಲೋಟದಲ್ಲಿ ಎರಡು ಮೂರು ಗುಟುಕಿನಷ್ಟು ವೈನನ್ನು ಮಾತ್ರ ಸುರಿಯುತ್ತಾರೆ. ಅದನ್ನು ಕುಡಿಯಲೇಬೇಕೆಂಬ ನಿಯಮವೂ ಇಲ್ಲ. ನಾಲಗೆಗೂ ಮೂಗಿಗೂ ದೊರೆತ ಅನುಭವಕ್ಕೆ ತಕ್ಕ ಹೆಸರನ್ನು ಹುಡುಕುವುದೇ ಅದರ ಮುಖ್ಯ ಕೆಲಸ.

ಹೆಸರು

ಕನ್ನಡದಲ್ಲಿ ವೈನ್‌ಗೆ ‘ದ್ರಾಕ್ಷಾರಸ’ ಎಂಬ ಪದವಿದೆ. ಕನ್ನಡ ಬೈಬಲಿನಲ್ಲಿ ಬಳಕೆಯಾಗಿರುವುದೂ ಇದೇ. ಆದರೆ ಹುದುಗದ ತಾಜಾ ಹಣ್ಣಿನ ರಸಕ್ಕೂ ಈ ಪದವೇ ಸಲ್ಲುವುದರಿಂದ ಗೊಂದಲವಾಗುತ್ತದೆ. ಆದ್ದರಿಂದ ಈ ಲೇಖನದಲ್ಲಿ ‘ವೈನ್’ ಎಂಬ ರೂಪವನ್ನೇ ಬಳಸಲಾಗಿದೆ. ಇನ್ನೊಂದು ಗೊಂದಲವೂ ಉಂಟು. ನಮ್ಮ ಊರುಗಳಲ್ಲಿ ‘ವೈನ್ಸ್’ ಎಂಬ ಫಲಕ ಹೊತ್ತ ಅಂಗಡಿಗಳಲ್ಲಿ ಬಹುಪಾಲು ಮಾರಾಟವಾಗುವುದು ವಿಸ್ಕಿ, ಬ್ರಾಂದಿ, ರಮ್ ಮುಂತಾದ ಬಟ್ಟಿ ಇಳಿಸಿದ ಮದ್ಯಗಳು. ವೈನನ್ನು ಬಟ್ಟಿ ಇಳಿಸುವುದಿಲ್ಲ. ಅದು ಹಣ್ಣಿನ ರಸವು ಹುದುಗಿ ಆದದ್ದು.

ದ್ರಾಕ್ಷಿಯ ಮದ್ಯ ಭಾರತಕ್ಕೆ ಹೊಸದೇನೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಮದ್ಯದ ಮೇಲ್ವಿಚಾರಕನ ಕರ್ತವ್ಯಗಳನ್ನು ಹೇಳುವಾಗ ದ್ರಾಕ್ಷಿಯ ರಸದಿಂದಾದ ಮದ್ಯಕ್ಕೆ ‘ಮಧು’ ಎಂಬ ಹೆಸರು ಬರುತ್ತದೆ. ಅದರ ಬಗೆಗಳನ್ನು ಹುಟ್ಟಿದ ನಾಡಿನ ಹೆಸರಿನಿಂದಲೇ, ಅಂದರೆ ಕಾಪಿಶಾಯನ ಮತ್ತು ಹಾರಹೂರಕ ಎಂದು ಗುರುತಿಸಲಾಗಿದೆ. ಕಾಪಿಶಿ ಎಂಬುದು ಇಂದಿನ ಅಫ್ಘಾನಿಸ್ತಾನದ ಬೆಗ್ರಾಮ್ ಸುತ್ತಲಿನ ಪ್ರದೇಶ. ಬೋರ್ಡೊ, ಷಾಂಪೇನ್ ಎಂದು ಊರು-ನಾಡುಗಳ ಹೆಸರಿನಿಂದ ವೈನನ್ನು ಕರೆಯುವ ಫ್ರೆಂಚ್ ಪದ್ಧತಿಯನ್ನು ಪಶ್ಚಿಮದ ವಿಶೇಷವೆಂದು ಭಾವಿಸುವವರು ಇದನ್ನು ಗಮನಿಸಬೇಕು.

ಸ್ಥಾಪನೆಯ ಹಿನ್ನೆಲೆ

ನಂದಿ ತಪ್ಪಲಿನಲ್ಲಿ ಯುರೋಪಿನ ವೈನ್ ದ್ರಾಕ್ಷಿಯನ್ನು ನೆಲೆಗೊಳಿಸಿದವರು ಉದ್ಯಮಿ ಕನ್ವಲ್ ಗ್ರೋವರ್. ವ್ಯವಹಾರ ನಿಮಿತ್ತ ಫ್ರಾನ್ಸಿಗೆ ಹೋಗಿಬರುತ್ತಿದ್ದ ಅವರಿಗೆ ಅಲ್ಲಿಯ ವೈನ್ ಸಂಸ್ಕೃತಿಯ ಪರಿಚಯವಾಗಿ, ಭಾರತದಲ್ಲಿಯೂ ಅಂಥದನ್ನು ಬೆಳೆಯಬಹುದೇ ಎಂಬ ಪ್ರಶ್ನೆ ಮೂಡಿತು. ಷಾಂಪೇನ್ ಪ್ರಾಂತ್ಯದ ವೈನ್ ತಜ್ಞ ಜಾರ್ಜ್ ವೆಸೆಲ್ ಅವರ ಸಲಹೆ ಪಡೆದು, ಹಲವು ತಳಿಗಳನ್ನು ಬೇರೆ ಬೇರೆ ಕಡೆ ನೆಟ್ಟು ಪರೀಕ್ಷಿಸಿದ ಬಳಿಕ 1988ರಲ್ಲಿ ನಂದಿಯ ತಪ್ಪಲನ್ನು ಆರಿಸಿಕೊಳ್ಳಲಾಯಿತು. 1990ರ ದಶಕದಲ್ಲಿ ಬೋರ್ಡೊ ಪ್ರಾಂತ್ಯದ ಮಿಶೆಲ್ ರೊಲಾಂ ಸಲಹೆಗಾರರಾಗಿ ಬಂದರು. 2012ರಲ್ಲಿ ಈ ಸಂಸ್ಥೆಯು ನಾಸಿಕ್ ಕಡೆಯ ಮತ್ತೊಂದು ವೈನ್ ಸಂಸ್ಥೆಯೊಡನೆ ವಿಲೀನಗೊಂಡು ಗ್ರೋವರ್ ಜಂಪಾ ಎಂಬ ಹೆಸರು ಪಡೆಯಿತು. ಕರ್ನಾಟಕ ಸರ್ಕಾರವು ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ಕುರಿತ ಪ್ರತ್ಯೇಕ ನೀತಿಯನ್ನು ರೂಪಿಸಿದ್ದು 2007ರಲ್ಲಿ. ಮಹಾರಾಷ್ಟ್ರವು 2001ರಲ್ಲೇ ಅಂಥ ನೀತಿಯನ್ನು ತಂದಿತ್ತು.

ನೆಲ ಮತ್ತು ಹವೆ

ವೈನ್ ದ್ರಾಕ್ಷಿಯ ಸಾಂಪ್ರದಾಯಿಕ ನಾಡುಗಳು ಭೂಮಧ್ಯರೇಖೆಯಿಂದ ಸುಮಾರು 30ರಿಂದ 50 ಡಿಗ್ರಿ ಅಕ್ಷಾಂಶಗಳ ನಡುವೆ ಇವೆ. ನಂದಿ ಇರುವುದು 13 ಡಿಗ್ರಿ ಉತ್ತರದಲ್ಲಿ. ಲೆಕ್ಕದ ಪ್ರಕಾರ ಇಲ್ಲಿ ಈ ಬೆಳೆ ಬರಬಾರದು. ಅಕ್ಷಾಂಶದ ಕೊರತೆಯನ್ನು ಎತ್ತರವು ತುಂಬಿಕೊಡುತ್ತದೆ. ನಂದಿಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 1478 ಮೀಟರ್ ಎತ್ತರದಲ್ಲಿದ್ದರೆ, ತಪ್ಪಲಿನ ತೋಟಗಳು ಸುಮಾರು 900 ಮೀಟರ್ ಎತ್ತರದಲ್ಲಿವೆ. ಪ್ರತಿ ಸಾವಿರ ಮೀಟರ್ ಏರಿದಂತೆ ಉಷ್ಣತೆಯು ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಹಗಲಿನ ಬಿಸಿಲಿನಲ್ಲಿ ಹಣ್ಣು ಸಕ್ಕರೆಯನ್ನು ಕೂಡಿಸಿಕೊಳ್ಳುತ್ತದೆ. ತಂಪಾದ ರಾತ್ರಿಯಲ್ಲಿ ಹುಳಿಯನ್ನು ಉಳಿಸಿಕೊಳ್ಳುತ್ತದೆ. ರಾತ್ರಿಯೂ ಬಿಸಿಯಾಗಿದ್ದರೆ ಹುಳಿ ಬೇಗ ಕರಗಿಹೋಗಿ ವೈನ್ ಸಪ್ಪೆಯಾಗುತ್ತದೆ. ನೀರು ನಿಲ್ಲದ ಕೆಂಪುಮಣ್ಣು ಮತ್ತೊಂದು ಅನುಕೂಲ.

ಆದರೂ ಒಂದು ವ್ಯತ್ಯಾಸ ಉಳಿಯಿತು. ಫ್ರಾನ್ಸಿನಲ್ಲಿ ಚಳಿಗಾಲ ಬಂದೊಡನೆ ಬಳ್ಳಿ ಎಲೆಯುದುರಿಸಿ ನಿದ್ರಿಸುತ್ತದೆ. ವರ್ಷಕ್ಕೊಂದು ಸವರುವಿಕೆ ಸಾಕು. ನಮ್ಮಲ್ಲಿ ಅಂಥ ಚಳಿಯಿಲ್ಲದ್ದರಿಂದ ಬಳ್ಳಿ ನಿದ್ರಿಸುವುದೇ ಇಲ್ಲ. ಆದ್ದರಿಂದ ದಕ್ಷಿಣ ಭಾರತದ ಬೆಳೆಗಾರರು ಎರಡು ಬಾರಿ ಸವರುತ್ತಾರೆ. ವಿಜಯಪುರದ ಕಡೆಯಲ್ಲಿ ಇದಕ್ಕೆ ‘ಚಾಟ್ನಿ’ ಎನ್ನುತ್ತಾರೆ. ಕೊಯ್ಲು ಮುಗಿದ ಮೇಲೆ ಬೇಸಗೆಯಲ್ಲಿ ಮಾಡುವ ಮೊದಲನೆಯದು ಮುಂದಿನ ಹಂಗಾಮಿನ ಕಡ್ಡಿಗಳನ್ನು ಬೆಳೆಸಲು. ಮಳೆಗಾಲದ ಕೊನೆಗೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಮಾಡುವ ಎರಡನೆಯದು ಹೂ ಹಣ್ಣು ಬಿಡಿಸಲು. ಹೀಗೆ ಮಾಡುವುದರಿಂದ ಹಣ್ಣು ಮಾಗುವ ಕಾಲವು ಮಳೆಯಿಲ್ಲದ ಫೆಬ್ರುವರಿ-ಮಾರ್ಚ್ ತಿಂಗಳುಗಳಿಗೆ ಬಂದು ಬೀಳುತ್ತದೆ. ಯುರೋಪಿನಲ್ಲಿ ಕೊಯ್ಲಿನ ಕಾಲವಾದ ಸೆಪ್ಟೆಂಬರಿನಲ್ಲಿ ಇಲ್ಲಿ ಕತ್ತರಿ ಹಿಡಿದು ಹೊಸ ಹಂಗಾಮನ್ನು ಆರಂಭಿಸುತ್ತಾರೆ.

ತೋಟದಿಂದ ನೆಲಮನೆಯವರೆಗೆ

ಭೇಟಿಯು ಸಾಮಾನ್ಯವಾಗಿ ತೋಟದಿಂದ ಆರಂಭವಾಗುತ್ತದೆ. ಊಟದ ದ್ರಾಕ್ಷಿಯನ್ನು ಮಾತ್ರ ಬಲ್ಲವರಿಗೆ ವೈನ್ ದ್ರಾಕ್ಷಿಯ ಗಾತ್ರ ನೋಡಿ ನಿರಾಶೆಯಾಗುವುದುಂಟು. ಕಾಳು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಆದರೆ ಮಾಗಿದ ಕಾಳನ್ನು ಬಾಯಿಗೆ ಹಾಕಿಕೊಂಡರೆ ಊಟದ ದ್ರಾಕ್ಷಿಗಿಂತ ಹೆಚ್ಚು ಸಿಹಿ. ಬಳ್ಳಿಗಳನ್ನು ಚಪ್ಪರಕ್ಕೆ ಹಬ್ಬಿಸದೆ, ಸಾಲಾಗಿ ಎಳೆದ ತಂತಿಗಳಿಗೆ ಕಟ್ಟಿರುತ್ತಾರೆ. ಗೊಂಚಲಿಗೆ ಗಾಳಿ ಬೆಳಕು ಸಮನಾಗಿ ತಾಗಲೆಂಬುದು ಉದ್ದೇಶ. ಕ್ಯಾಬರ್ನೆ ಸೊವಿನ್ಯೋಂ, ಶಿರಾಜ್, ಸೊವಿನ್ಯೋಂ ಬ್ಲಾಂ, ವಿಯೋನಿಯೇ ಮೊದಲಾದ ತಳಿಗಳು ಈ ಭಾಗದಲ್ಲಿ ಬೆಳೆಯುತ್ತವೆ.

ಕೊಯ್ದ ಹಣ್ಣನ್ನು ಬಿಸಿಲೇರುವ ಮುನ್ನ ಒಳಗೆ ಸೇರಿಸಿ, ತೊಟ್ಟು ಬಿಡಿಸಿ ಹಿಂಡುತ್ತಾರೆ. ಇಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿಯೆಂದರೆ, ಬಹುತೇಕ ಎಲ್ಲ ದ್ರಾಕ್ಷಿಗಳ ತಿರುಳಿಗೂ ಬಣ್ಣವಿಲ್ಲ, ಬಣ್ಣವಿರುವುದು ಸಿಪ್ಪೆಯಲ್ಲಿ. ಸಿಪ್ಪೆಯೊಡನೆ ಹುದುಗಿಸಿದರೆ ಕೆಂಪು ವೈನ್, ಸಿಪ್ಪೆ ಬೇರ್ಪಡಿಸಿ ರಸವನ್ನಷ್ಟೇ ಹುದುಗಿಸಿದರೆ ಬಿಳಿ ವೈನ್, ಕೆಲವು ಗಂಟೆಗಳ ಕಾಲ ಮಾತ್ರ ಕಪ್ಪು ದ್ರಾಕ್ಷಿಯ ಸಿಪ್ಪೆಯೊಡನೆ ಇಟ್ಟು ತೆಗೆದರೆ ಗುಲಾಬಿ ಬಣ್ಣದ ರೋಜೆ.

ಹುದುಗುವಿಕೆಯು ಯೀಸ್ಟ್ ಎಂಬ ಸೂಕ್ಷ್ಮಜೀವಿಯ ಕಾರ್ಯ. ಲೂಯಿ ಪಾಶ್ಚರ್ 1866ರಲ್ಲಿ ಪ್ರಕಟಿಸಿದ ವೈನ್ ಕುರಿತ ಗ್ರಂಥವು ಸೂಕ್ಷ್ಮಜೀವಿಗಳು ವೈನನ್ನು ಹೇಗೆ ಕೆಡಿಸುತ್ತವೆ ಎಂಬುದನ್ನು ವಿವರಿಸಿತು. ಇಡ್ಲಿಯ ಹಿಟ್ಟು ರಾತ್ರಿಯಿಡೀ ಉಬ್ಬುವುದನ್ನು ಕಂಡವರಿಗೆ ಹುದುಗು ಅಪರಿಚಿತವಲ್ಲ. ಇಲ್ಲಿ ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಪರಿವರ್ತಿಸುತ್ತದೆ. ಒಂದು ಲೀಟರ್ ರಸದಲ್ಲಿರುವ ಸುಮಾರು 17 ಗ್ರಾಂ ಸಕ್ಕರೆಯಿಂದ ಶೇಕಡ 1ರಷ್ಟು ಆಲ್ಕೋಹಾಲ್ ಉಂಟಾಗುತ್ತದೆ. ಲೀಟರಿಗೆ 220 ಗ್ರಾಂ ಸಕ್ಕರೆಯಿದ್ದ ರಸವು ಪೂರ್ತಿಯಾಗಿ ಹುದುಗಿದರೆ ಶೇಕಡ 13ರ ಹತ್ತಿರದ ವೈನ್ ಆಗುತ್ತದೆ. ಹುದುಗುವಾಗ ಶಾಖ ಹೆಚ್ಚುವುದರಿಂದ ಉಕ್ಕಿನ ತೊಟ್ಟಿಗಳನ್ನು ತಂಪಾಗಿಡಬೇಕು. ಬಿಳಿ ವೈನ್‌ಗೆ 12ರಿಂದ 18 ಡಿಗ್ರಿ, ಕೆಂಪಿಗೆ 25ರಿಂದ 30 ಡಿಗ್ರಿ ಹಿತವೆನ್ನುತ್ತಾರೆ.

ಅಲ್ಲಿಂದ ಕೆಳಗಿಳಿದರೆ ನೆಲಮನೆ. ಮಂದ ಬೆಳಕು, ತಂಪು, ಹುಳಿಮಿಶ್ರಿತ ಮರದ ವಾಸನೆ. ಕೆಲವು ಕೆಂಪು ವೈನ್‌ಗಳನ್ನು ಓಕ್ ಮರದ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಇರಿಸುತ್ತಾರೆ. ಬೋರ್ಡೊ ಮಾದರಿಯ ಪೀಪಾಯಿಯ ಅಳತೆ 225 ಲೀಟರ್. ಮರದ ಸಂದಿನಿಂದ ಅತಿ ನಿಧಾನವಾಗಿ ಒಳಸೇರುವ ಗಾಳಿಯು ವೈನಿನ ಒರಟುತನವನ್ನು ಕಡಿಮೆ ಮಾಡುತ್ತದೆ. ಮರದಿಂದ ವೆನಿಲಾದಂತಹ ಪರಿಮಳವೂ ಬರುತ್ತದೆ.

ಆಸ್ವಾದನೆಯ ಕ್ರಮ

ಲಘುವಾದುದರಿಂದ ಗಾಢವಾದುದರ ಕಡೆಗೆ ಸಾಗುವುದು ರೂಢಿ. ಮೊದಲು ಸಿಹಿಯಿಲ್ಲದ ಬಿಳಿ, ಬಳಿಕ ರೋಜೆ, ಬಳಿಕ ಕೆಂಪು, ಕಡೆಗೆ ಸಿಹಿ ವೈನ್. ಬಿಳಿ ವೈನನ್ನು 8ರಿಂದ 12 ಡಿಗ್ರಿಯಲ್ಲಿ ಕೊಡುತ್ತಾರೆ. ಕೆಂಪನ್ನು ‘ಕೋಣೆಯ ಉಷ್ಣತೆ’ಯಲ್ಲಿ ಕೊಡಬೇಕೆಂಬ ಮಾತು ಪ್ರಚಲಿತವಿದೆ. ಆದರೆ ಆ ಕೋಣೆ ಯುರೋಪಿನದು, ಅಂದರೆ 16ರಿಂದ 18 ಡಿಗ್ರಿಯದು. ಏಪ್ರಿಲ್ ತಿಂಗಳ ದೊಡ್ಡಬಳ್ಳಾಪುರದ ಕೋಣೆಯಲ್ಲಿಟ್ಟ ಕೆಂಪು ವೈನ್ ಬರಿಯ ಮದ್ಯದ ಘಾಟನ್ನಷ್ಟೇ ಕೊಡುತ್ತದೆ.

ಲೋಟವನ್ನು ಅದರ ಕಾಲಿನಲ್ಲಿ ಹಿಡಿದು, ಬಿಳಿಯ ಹಿನ್ನೆಲೆಯ ಮುಂದೆ ಓರೆಮಾಡಿ ಬಣ್ಣ ನೋಡುವುದು ಮೊದಲ ಹೆಜ್ಜೆ. ಕೆಂಪು ವೈನ್ ಹಳತಾದಂತೆ ಅಂಚಿನಲ್ಲಿ ನೇರಳೆ ಛಾಯೆ ಮಾಯವಾಗಿ ಇಟ್ಟಿಗೆಯ ಬಣ್ಣ ಬರುತ್ತದೆ. ಬಿಳಿ ವೈನ್ ಹಳತಾದಂತೆ ಹೊಂಬಣ್ಣಕ್ಕೆ ತಿರುಗುತ್ತದೆ. ಎರಡನೆಯದು ಮೂಗಿನ ಕೆಲಸ. ಲೋಟವನ್ನು ಮೆಲ್ಲಗೆ ಸುತ್ತಿಸಿದಾಗ ಪರಿಮಳದ ಅಂಶಗಳು ಗಾಳಿಗೆ ಸೇರಿ ಲೋಟದ ಬಾಯಿಯಲ್ಲಿ ನಿಲ್ಲುತ್ತವೆ. ಮೂರನೆಯದಾಗಿ ಒಂದು ಗುಟುಕನ್ನು ಬಾಯೊಳಗೆ ಸುತ್ತಲೂ ಆಡಿಸಬೇಕು. ನಾವು ‘ರುಚಿ’ ಎನ್ನುವುದರಲ್ಲಿ ದೊಡ್ಡ ಪಾಲು ಬಾಯಿಯ ಹಿಂಬದಿಯಿಂದ ಮೂಗಿಗೇರುವ ವಾಸನೆಯೇ ಆಗಿದೆ. ನೆಗಡಿಯಾದಾಗ ಸಾರು ಸಪ್ಪೆಯೆನಿಸುವುದು ಇದೇ ಕಾರಣದಿಂದ. ಕೊನೆಗೆ ಅದನ್ನು ನುಂಗಬಹುದು ಅಥವಾ ಮೇಜಿನ ಮೇಲಿರುವ ಪೀಕದಾನಿಗೆ ಉಗುಳಬಹುದು. ಉಗುಳಲು ನಮ್ಮವರು ಸಂಕೋಚಪಡುತ್ತಾರೆ. ವೃತ್ತಿಪರ ಪರೀಕ್ಷಕರು ಉಗುಳುವುದೇ ಕ್ರಮ. ಹಾಗಿಲ್ಲದಿದ್ದರೆ ಹತ್ತನೆಯ ಲೋಟದ ವಿಷಯದಲ್ಲಿ ಅವರ ತೀರ್ಪನ್ನು ನಂಬುವವರಾರು?

ಕಣ್ಣು ನಾಲಗೆಯನ್ನು ಎಷ್ಟು ಸುಲಭವಾಗಿ ಮೋಸಗೊಳಿಸುತ್ತದೆ ಎಂಬುದಕ್ಕೆ 2001ರಲ್ಲಿ ಪ್ರಕಟವಾದ ಬೋರ್ಡೊ ವಿಶ್ವವಿದ್ಯಾಲಯದ ಪ್ರಯೋಗವೊಂದು ಸಾಕ್ಷಿ. ಫ್ರೆಡೆರಿಕ್ ಬ್ರೋಶೆ ಮತ್ತು ಸಂಗಡಿಗರು ವಾಸನೆಯಿಲ್ಲದ ಕೆಂಪು ಬಣ್ಣವನ್ನು ಬಿಳಿ ವೈನ್‌ಗೆ ಬೆರೆಸಿ 54 ಮಂದಿಗೆ ಕೊಟ್ಟಾಗ, ಅವರು ಅದರ ಪರಿಮಳವನ್ನು ಕೆಂಪು ವೈನ್‌ಗೆ ಸಲ್ಲುವ ಪದಗಳಲ್ಲೇ ವರ್ಣಿಸಿದರು. 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಹೆಸರು ಮರೆಮಾಚಿ ನಡೆಸಿದ ಪರೀಕ್ಷೆಯಲ್ಲಿ ಫ್ರೆಂಚ್ ಪರೀಕ್ಷಕರೇ ಕ್ಯಾಲಿಫೋರ್ನಿಯಾದ ವೈನ್‌ಗಳಿಗೆ ಮೊದಲ ಸ್ಥಾನ ಕೊಟ್ಟುದು ಇನ್ನೂ ಪ್ರಸಿದ್ಧವಾದ ಪ್ರಸಂಗ. ಆದ್ದರಿಂದ ಮಾರ್ಗದರ್ಶಕರು ‘ಇದರಲ್ಲಿ ಇಂಥ ಹಣ್ಣಿನ ಪರಿಮಳವಿದೆ’ ಎಂದು ಹೇಳುವ ಮೊದಲೇ ತನ್ನ ಅನಿಸಿಕೆಯನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಆಸ್ವಾದನೆಯ ಪದಗಳು

ವೈನಿನ ಪರಿಮಳಗಳಿಗೆ ಎಲ್ಲರೂ ಒಪ್ಪುವ ಹೆಸರುಗಳಿರಲೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಆನ್ ನೋಬಲ್ 1984ರಲ್ಲಿ ‘ಪರಿಮಳ ಚಕ್ರ’ವನ್ನು ರೂಪಿಸಿದರು. ಅದರಲ್ಲಿರುವ ಬ್ಲಾಕ್‌ಬೆರಿ, ರಾಸ್ಪ್‌ಬೆರಿಗಳನ್ನು ನಮ್ಮಲ್ಲಿ ಬಹುಮಂದಿ ಕಂಡೂ ಇಲ್ಲ. ಕಾಣದ ಹಣ್ಣಿನ ವಾಸನೆಯನ್ನು ಗುರುತಿಸಿದೆನೆಂದು ತಲೆಯಾಡಿಸುವುದು ಅರ್ಥವಿಲ್ಲದ ಶಿಷ್ಟಾಚಾರ. ನಮ್ಮ ಹಿತ್ತಲಿನ ಹೆಸರುಗಳಿಂದಲೇ ಈ ಕೆಲಸ ಚೆನ್ನಾಗಿ ನಡೆಯುತ್ತದೆ.

ಇದಕ್ಕೆ ಉತ್ತಮ ಉದಾಹರಣೆ ‘ಒಗರು’. ದ್ರಾಕ್ಷಿಯ ಸಿಪ್ಪೆ, ಬೀಜಗಳಲ್ಲಿರುವ ಟ್ಯಾನಿನ್ ಎಂಬ ಅಂಶವು ಬಾಯಿಯ ಜೊಲ್ಲಿನ ಪ್ರೋಟೀನಿನೊಡನೆ ಕೂಡಿಕೊಂಡಾಗ ನಾಲಗೆ, ವಸಡು ಒಣಗಿ ಬಿಗಿದಂತಾಗುತ್ತದೆ. ಹೊಸಬರಿಗೆ ಪಾಶ್ಚಾತ್ಯ ಗ್ರಂಥಗಳು ಇದನ್ನು ವಿವರಿಸಲು ಪುಟಗಟ್ಟಲೆ ಶ್ರಮಪಡುತ್ತವೆ. ಕನ್ನಡದ ಮಗುವಿಗೆ ಇದು ಒಂದೇ ಪದ. ಎಳೆಯ ಬಾಳೆಕಾಯಿ, ನೇರಳೆಹಣ್ಣು, ಹಸಿ ಅಡಿಕೆಗಳಲ್ಲಿ ಅದು ಒಗರನ್ನು ಉಂಡಿದೆ. ಆಯುರ್ವೇದದ ಷಡ್ರಸಗಳಲ್ಲಿ ಕಷಾಯವೆಂದು ಎಣಿಸಲಾಗಿರುವುದೂ ಇದನ್ನೇ. ಸಿಹಿ, ಹುಳಿ, ಉಪ್ಪು, ಕಾರ, ಕಹಿ, ಒಗರು ಎಂದು ಆರನ್ನೂ ಬೇರೆ ಬೇರೆಯಾಗಿ ಎಣಿಸಬಲ್ಲ ನಾಲಗೆಗೆ ವೈನಿನ ಹುಳಿ ಮತ್ತು ಒಗರುಗಳ ಸಮತೂಕ ಬೇಗ ತಿಳಿಯುತ್ತದೆ.

ವಾಸನೆಗಳ ವಿಷಯವೂ ಹೀಗೆಯೇ. ಸೊವಿನ್ಯೋಂ ಬ್ಲಾಂ ವೈನಿನಲ್ಲಿ ಸೀಬೆಹಣ್ಣು, ದೊಣ್ಣೆಮೆಣಸಿನಕಾಯಿ ಮತ್ತು ಚಕ್ಕೋತದ ಸಿಪ್ಪೆಯ ವಾಸನೆ ಕಾಣಬಹುದು. ಚಕ್ಕೋತವಂತೂ ಪಕ್ಕದ ದೇವನಹಳ್ಳಿಯದೇ ಬೆಳೆ, ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ. ಶಿರಾಜ್‌ನಲ್ಲಿ ಕರಿಮೆಣಸಿನ ಘಮ ಸಿಗುತ್ತದೆ. ಇದು ಕವಿಕಲ್ಪನೆಯಲ್ಲ. ಆ ಘಮಕ್ಕೆ ಕಾರಣವಾದ ರೊಟಂಡೋನ್ ಎಂಬ ಸಂಯುಕ್ತವನ್ನು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಗುರುತಿಸಿದರು. ಕರಿಮೆಣಸಿನಲ್ಲಿಯೂ ಇರುವುದು ಅದೇ ಸಂಯುಕ್ತ.

ಬೆಂಗಳೂರು ನೀಲಿ ದ್ರಾಕ್ಷಿ

ವೈನರಿಯ ಬೇಲಿಯ ಹೊರಗೆ, ಸುತ್ತಲಿನ ರೈತರ ಚಪ್ಪರಗಳಲ್ಲಿ ಕಾಣುವ ದ್ರಾಕ್ಷಿ ಬೇರೆಯದು. ಅದು ‘ಬೆಂಗಳೂರು ಬ್ಲೂ’. ಮೂಲದಲ್ಲಿ ಅಮೆರಿಕದ ಲಬ್ರುಸ್ಕಾ ಜಾತಿಯ ರಕ್ತವುಳ್ಳ ಈ ತಳಿಯು ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಬೆಳೆಯಾಗಿ ನೆಲೆನಿಂತಿದ್ದು, 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆಯಿತು. ಇದರ ಗಾಢವಾದ ಪರಿಮಳಕ್ಕೆ ಮೀಥೈಲ್ ಆಂತ್ರನಿಲೇಟ್ ಕಾರಣ. ಮಲ್ಲಿಗೆಯ ಸುಗಂಧದಲ್ಲಿಯೂ ಇರುವ ಸಂಯುಕ್ತವಿದು. ಯುರೋಪಿನ ರುಚಿಶಾಸ್ತ್ರವು ಈ ವಾಸನೆಗೆ ‘ನರಿಯ ವಾಸನೆ’ ಎಂಬ ಹೆಸರಿಟ್ಟು ಉತ್ತಮ ವೈನ್‌ಗೆ ಅಯೋಗ್ಯವೆಂದು ಬದಿಗಿಟ್ಟಿದೆ. ಹೀಗಾಗಿ ಈ ದ್ರಾಕ್ಷಿ ಮಾರುಕಟ್ಟೆಯ ಬುಟ್ಟಿಗೆ, ಹಣ್ಣಿನ ರಸಕ್ಕೆ ಮತ್ತು ಅಗ್ಗದ ಸಿಹಿ ವೈನ್‌ಗೆ ಹೋಗುತ್ತದೆ. ಆ ಸಿಹಿ ವೈನನ್ನು ‘ಪೋರ್ಟ್’ ಎಂದು ಮಾರುವ ರೂಢಿಯಿದೆ. ನಿಜವಾದ ಪೋರ್ಟ್ ಪೋರ್ಚುಗಲ್ಲಿನ ಡೌರೊ ಕಣಿವೆಯದು, ಅದರ ಗಡಿಯನ್ನು 1756ರಲ್ಲೇ ಗುರುತಿಸಲಾಗಿತ್ತು.

ಊರಿನ ಹೆಸರನ್ನೇ ಹೊತ್ತ ಹಣ್ಣು ಹೀಗೆ ತನ್ನ ಊರಿನ ಒಳ್ಳೆಯ ವೈನ್‌ಗಳ ಪಟ್ಟಿಯಿಂದ ಹೊರಗೆ ಉಳಿದಿದೆ. ಮಲ್ಲಿಗೆಯ ಮಾಲೆಯನ್ನು ನಿತ್ಯ ಕಾಣುವ ಜನಕ್ಕೆ ಅದರ ಪರಿಮಳ ದೋಷವಾಗಿ ತೋರಬೇಕಾಗಿಲ್ಲ. ಭೇಟಿಗೆ ಹೋದವರು ಹಂಗಾಮಿನಲ್ಲಿ ರಸ್ತೆಬದಿಯಲ್ಲಿ ಸಿಗುವ ಈ ದ್ರಾಕ್ಷಿಯನ್ನೂ ಒಂದಿಷ್ಟು ಕೊಂಡು, ವೈನರಿಯ ದ್ರಾಕ್ಷಿಯೊಡನೆ ಹೋಲಿಸಿ ನೋಡಬಹುದು.

ನೀರು ಮತ್ತು ಭೂಮಿ

ನಂದಿಯ ಬೆಟ್ಟಸಾಲು ಅರ್ಕಾವತಿ, ದಕ್ಷಿಣ ಪಿನಾಕಿನಿ ಮುಂತಾದ ಹೊಳೆಗಳ ಉಗಮಸ್ಥಾನ. ಆದರೂ ಈ ಸೀಮೆಯಲ್ಲಿ ವರ್ಷಪೂರ್ತಿ ಹರಿಯುವ ಹೊಳೆ ಒಂದೂ ಇಲ್ಲ; ಬೇಸಾಯವು ಕೊಳವೆಬಾವಿಗಳನ್ನೇ ನಂಬಿದೆ, ಅವುಗಳ ಆಳ ಹೆಚ್ಚುತ್ತಲೇ ಇದೆ. ಬೆಂಗಳೂರಿನ ತ್ಯಾಜ್ಯನೀರನ್ನು ಸಂಸ್ಕರಿಸಿ ಚಿಕ್ಕಬಳ್ಳಾಪುರದ ಕೆರೆಗಳಿಗೆ ಹರಿಸುವ ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯು ಈ ಕೊರತೆಯಿಂದ ಹುಟ್ಟಿದ್ದು. ದ್ರಾಕ್ಷಿಗೆ ಹನಿ ನೀರಾವರಿ ಒಗ್ಗುತ್ತದೆ, ವೈನ್ ದ್ರಾಕ್ಷಿಗೆ ಸ್ವಲ್ಪ ನೀರಿನ ಕೊರತೆಯೇ ಹಿತ. ಆದರೆ ಕೊಳವೆಬಾವಿ ಬತ್ತಿದರೆ ಯಾವ ತಳಿಯೂ ಉಳಿಯದು.

ಭೂಮಿಯ ಮೇಲಿನ ಒತ್ತಡ ಇನ್ನೂ ದೊಡ್ಡದು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಭಾಗದ ಹೊಲಗಳು ವೇಗವಾಗಿ ಬಡಾವಣೆಗಳಾಗುತ್ತಿವೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಭೂಸ್ವಾಧೀನವನ್ನು ವಿರೋಧಿಸಿ ರೈತರು ವರ್ಷಗಟ್ಟಲೆ ಹೋರಾಡಿದ ಬಳಿಕ, 2025ರ ಜುಲೈನಲ್ಲಿ ರಾಜ್ಯ ಸರ್ಕಾರ ಅದನ್ನು ಕೈಬಿಡುವುದಾಗಿ ಪ್ರಕಟಿಸಿತು. ದ್ರಾಕ್ಷಿಬಳ್ಳಿ ನೆಟ್ಟ ಎರಡು ಮೂರು ವರ್ಷಗಳ ನಂತರವೇ ಸರಿಯಾದ ಫಸಲು ಬರುವುದು, ಆಮೇಲೆ ದಶಕಗಳ ಕಾಲ ಬಾಳುವುದು. ನಾಳೆ ಹೊಲ ಉಳಿಯುತ್ತದೋ ಇಲ್ಲವೋ ಎಂಬ ಅನುಮಾನವಿರುವ ಕಡೆ ಅಂಥ ಬೆಳೆಯನ್ನು ಹೊಸದಾಗಿ ಹಾಕುವ ಧೈರ್ಯ ಸಣ್ಣ ರೈತನಿಗೆ ಬರುವುದಿಲ್ಲ.

ಆರೋಗ್ಯ ಮತ್ತು ಕಾನೂನು

ಕೆಂಪು ವೈನ್ ಹೃದಯಕ್ಕೆ ಒಳ್ಳೆಯದೆಂಬ ಮಾತು ಬಹುಕಾಲದಿಂದ ಕೇಳಿಬರುತ್ತಿದೆ. ಅದನ್ನು ಕುಡಿಯಲು ನೆಪವಾಗಿ ಬಳಸಬಾರದು. ಆಲ್ಕೋಹಾಲಿನ ಯಾವ ಪ್ರಮಾಣವನ್ನೂ ಆರೋಗ್ಯಕ್ಕೆ ಸುರಕ್ಷಿತವೆನ್ನಲಾಗದು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಭಾರತ ಸಂವಿಧಾನದ 47ನೆಯ ವಿಧಿಯು ಮಾದಕ ಪಾನೀಯಗಳ ನಿಷೇಧಕ್ಕೆ ಪ್ರಯತ್ನಿಸಬೇಕೆಂದು ಸರ್ಕಾರಗಳಿಗೆ ನಿರ್ದೇಶಿಸುತ್ತದೆ. ಅದೇ ಹೊತ್ತಿಗೆ ಅಬಕಾರಿ ವರಮಾನವು ರಾಜ್ಯದ ಬೊಕ್ಕಸಕ್ಕೆ ದೊಡ್ಡ ಆಧಾರವಾಗಿದೆ. ವೈನ್ ಪ್ರವಾಸ ನಡೆಯುವುದು ಈ ವೈರುಧ್ಯದ ನಡುವೆಯೇ.

ಕಾನೂನು ನಿಗದಿಪಡಿಸಿದ ವಯಸ್ಸಿಗಿಂತ ಕಿರಿಯರಿಗೆ ವೈನ್ ಕೊಡುವಂತಿಲ್ಲ. ವಿದ್ಯಾರ್ಥಿಗಳಿಗೆ ತೋಟ, ತೊಟ್ಟಿ, ನೆಲಮನೆಗಳೇ ಸಾಕಷ್ಟು ಪಾಠ ಹೇಳುತ್ತವೆ. ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೂಗೋಳ ಮೂರೂ ಅಲ್ಲಿ ಒಂದೇ ಕಡೆ ಸಿಗುತ್ತವೆ.

ಭೇಟಿಗೆ ಸಂಬಂಧಿಸಿದ ವಿವರಗಳು

ಗೊಂಚಲುಗಳನ್ನು ಬಳ್ಳಿಯಲ್ಲೇ ಕಾಣಬೇಕಾದರೆ ಜನವರಿಯಿಂದ ಮಾರ್ಚ್‌ವರೆಗಿನ ಕಾಲ ಸೂಕ್ತ. ಮಳೆಗಾಲದಲ್ಲಿ ಬೆಟ್ಟವು ಮೋಡ ಹೊದ್ದು ಸುಂದರವಾಗಿರುತ್ತದೆ, ಆದರೆ ಬಳ್ಳಿಯಲ್ಲಿ ಎಲೆಯ ಹೊರತು ಬೇರೇನೂ ಇರುವುದಿಲ್ಲ. ಭೇಟಿಯ ಸಮಯವನ್ನು ವೈನರಿಯಲ್ಲಿ ಮೊದಲೇ ಕಾದಿರಿಸಿಕೊಳ್ಳಬೇಕು. ವಾರಾಂತ್ಯದಲ್ಲಿ ಜನಸಂದಣಿ ಹೆಚ್ಚು. ಸುಗಂಧದ್ರವ್ಯ ಪೂಸಿಕೊಂಡು ಹೋಗದಿರುವುದು ತನಗೂ ಪಕ್ಕದವರಿಗೂ ಹಿತ. ಬೆಟ್ಟದ ಬುಡದ ನಂದಿ ಗ್ರಾಮದಲ್ಲಿರುವ ಭೋಗನಂದೀಶ್ವರ ದೇವಾಲಯವನ್ನು ನೋಡುವ ಉದ್ದೇಶವಿದ್ದರೆ ಅದನ್ನು ಬೆಳಗಿನಲ್ಲೇ ಮುಗಿಸಿ, ವೈನರಿಗೆ ಬಳಿಕ ಹೋಗುವುದು ಉಚಿತ.

ರಕ್ತದ ಪ್ರತಿ 100 ಮಿಲಿಲೀಟರಿಗೆ 30 ಮಿಲಿಗ್ರಾಂ ಮೀರಿ ಆಲ್ಕೋಹಾಲ್ ಇದ್ದಾಗ ವಾಹನ ಚಲಾಯಿಸುವುದು ಮೋಟಾರು ವಾಹನ ಕಾಯಿದೆಯ 185ನೆಯ ಕಲಮಿನಂತೆ ಅಪರಾಧ. ಕೆಲವೇ ಗುಟುಕುಗಳು ಈ ಮಿತಿಯನ್ನು ದಾಟಿಸಬಲ್ಲವು. ತಂಡದಲ್ಲಿ ವಾಹನ ನಡೆಸುವವರು ಆಸ್ವಾದನೆಯಲ್ಲಿ ಭಾಗವಹಿಸದೆ ಇರಬೇಕು, ಅಥವಾ ಬಾಡಿಗೆಯ ಕಾರನ್ನು ಬೆಂಗಳೂರಿನಿಂದಲೇ ಗೊತ್ತುಮಾಡಿಕೊಂಡು ಬರಬೇಕು. ಹಿಂದಿರುಗುವಾಗ ತೋಟದ ಬಳಿ ವಾಹನ ಸಿಗುವ ಭರವಸೆಯಿಲ್ಲ.